ಡಿಜಿಟಲ್ ಪ್ರಿಂಟ್‌ನಲ್ಲಿ ಬಣ್ಣ ಸರಿ ಬರಬೇಕಾದರೆ ಮೊದಲು ಯಾವುದಕ್ಕೆ ದುಡ್ಡು ಹಾಕಬೇಕು?

ಬಣ್ಣದ ವಿಷಯದಲ್ಲಿ ಗಿರಾಕಿಗಳ ತಕರಾರು ಎರಡೇ ಥರ. "ಹೋದ ಸಲ ಹಿಂಗ ಇರಲಿಲ್ಲಲ್ರೀ" ಅನ್ನೋದು ಒಂದು. "ಮೊಬೈಲ್‌ನ್ಯಾಗ ಬ್ಯಾರೆ ಕಾಣತೈತ್ರೀ" ಅನ್ನೋದು ಇನ್ನೊಂದು. ಕೇಳೋಕೆ ಎರಡೂ ಒಂದೇ ಅನ್ನಿಸುತ್ತವೆ, ಆದರೆ ಕಾರಣ ಬೇರೆ, ಪರಿಹಾರವೂ ಬೇರೆ. ಮೊದಲನೆಯದು ಸ್ಥಿರತೆಯ ಮಾತು. ಇವತ್ತು ಬಂದ ಬಣ್ಣ ಮುಂದಿನ ತಿಂಗಳೂ ಬರಬೇಕು. ಎರಡನೆಯದು ನಿಖರತೆಯ ಮಾತು. ಬೇರೆಲ್ಲೋ ಇರುವ ಒಂದು ಬಣ್ಣಕ್ಕೆ, ಆಫ್‌ಸೆಟ್ ಪ್ರಿಂಟಿಗೋ (ಪ್ಲೇಟು ಮಾಡಿ ಇಂಕಿನಲ್ಲಿ ಹಾಕುವುದು) ಕಂಪನಿಯ ಲೋಗೋಗೋ ಸ್ಕ್ರೀನಿಗೋ, ನಮ್ಮ ಪ್ರಿಂಟು ಹೊಂದಬೇಕು.

ಹುಬ್ಬಳ್ಳಿ-ಧಾರವಾಡದಲ್ಲಿ ನಾನು ನೋಡಿದ ಬಹಳ ಅಂಗಡಿಗಳು ಎರಡನೆಯದಕ್ಕೆ ದುಡ್ಡು ಸುರಿಯುತ್ತವೆ, ಮೊದಲನೆಯದನ್ನು ಹಾಗೇ ಬಿಟ್ಟಿರುತ್ತವೆ. ಸ್ಥಿರವಾಗಿ ನಿಲ್ಲದ ಮಷೀನಿಗೆ ದುಬಾರಿ ಪ್ರೊಫೈಲ್ ಮಾಡಿಸಿದರೆ, ಮಾಡಿಸಿದ ದಿನ ಎಲ್ಲ ಚೆಂದ, ಆಮೇಲೆ ದಿನ ಕಳೆದ ಹಾಗೆ ಆ ಪ್ರೊಫೈಲ್ ಸುಳ್ಳಾಗುತ್ತ ಹೋಗುತ್ತದೆ. ಅದಕ್ಕೇ ನಾನು ಇಲ್ಲಿ ಆಯ್ಕೆಗಳನ್ನು ಹೋಲಿಸುವಾಗ ಸ್ಥಿರತೆಯನ್ನು ಮೊದಲು ಇಟ್ಟಿದ್ದೇನೆ.

ಒಂದು ಗೊಂದಲ ಮಾತ್ರ ಮೊದಲೇ ತೀರಿಸಿಕೊಳ್ಳೋಣ. ಕ್ಯಾಲಿಬ್ರೇಷನ್ ಮತ್ತು ಪ್ರೊಫೈಲ್ ಎರಡೂ ಒಂದೇ ಅಲ್ಲ. ಕ್ಯಾಲಿಬ್ರೇಷನ್ ಅಂದರೆ ಮಷೀನನ್ನು ಗೊತ್ತಿರುವ ಒಂದು ಸ್ಥಿತಿಗೆ ತಂದು ನಿಲ್ಲಿಸೋದು. ಫೈಲ್‌ನಲ್ಲಿ 50% ಮೆಜೆಂಟಾ (ಪ್ರಿಂಟಿನ ನಾಲ್ಕು ಮೂಲ ಬಣ್ಣಗಳಲ್ಲಿ ಒಂದು, ಗುಲಾಬಿ-ಕೆಂಪು) ಇದ್ದರೆ ಪೇಪರ್ ಮೇಲೆ ಇಷ್ಟೇ ಗಾಢ ಬರಬೇಕು, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ. ಪ್ರೊಫೈಲ್ ಅಂದರೆ ಆ ಸ್ಥಿತಿಯಲ್ಲಿ ಈ ಮಷೀನು ಈ ಪೇಪರ್ ಮೇಲೆ ಯಾವ ಬಣ್ಣ ಕೊಡುತ್ತದೆ ಅನ್ನೋದರ ದಾಖಲೆ. 1993ರಲ್ಲಿ ಕಂಪನಿಗಳೆಲ್ಲ ಸೇರಿ ಐಸಿಸಿ (ಇಂಟರ್ನ್ಯಾಷನಲ್ ಕಲರ್ ಕನ್ಸಾರ್ಟಿಯಂ) ಅನ್ನೋ ಒಕ್ಕೂಟ ಮಾಡಿಕೊಂಡು ಈ ದಾಖಲೆಗೆ ಒಂದೇ ನಮೂನೆ ತಂದರು, ಅದಕ್ಕೇ ಐಸಿಸಿ ಪ್ರೊಫೈಲ್ ಅನ್ನುತ್ತೇವೆ. ಮಷೀನು ಸ್ಥಿತಿ ಬದಲಿಸಿತು ಅಂದರೆ ದಾಖಲೆ ಹಳೆಯದಾಯಿತು, ಅಷ್ಟೇ.

ಕ್ಯಾಲಿಬ್ರೇಷನ್: ಗಾಜು, ಕೈ ಉಪಕರಣ, ಮಷೀನೊಳಗಿನ ಸೆನ್ಸರ್

ಇದಕ್ಕೆ ಮೂರು ದಾರಿ ಇವೆ. ಅಗ್ಗದ್ದು ಮಷೀನಿನ ಸ್ಕ್ಯಾನರ್ ಗಾಜು. ಬಣ್ಣದ ಚೌಕಗಳಿರುವ ಚಾರ್ಟ್ ಪ್ರಿಂಟ್ ಹಾಕಿ ಅದನ್ನೇ ಗಾಜಿನ ಮೇಲೆ ಮಗುಚಿ ಇಟ್ಟರೆ ಮಷೀನು ಓದಿಕೊಂಡು ತನ್ನನ್ನು ತಾನೇ ಸರಿ ಮಾಡಿಕೊಳ್ಳುತ್ತದೆ. ಆಟೋ ಗ್ರೇಡೇಷನ್ ಅಂತಲೋ ಇನ್ನೇನೋ ಹೆಸರಿನಲ್ಲಿ ಹೆಚ್ಚಿನ ಮಷೀನುಗಳಲ್ಲಿ ಇದು ಇದ್ದೇ ಇರುತ್ತದೆ, ಫೈಲ್ ಓದಿ ಮಷೀನಿಗೆ ಕೊಡುವ ಕೆಲವು ಫೈರಿ ಕಂಟ್ರೋಲರ್‌ಗಳಲ್ಲಿ ಕಲರ್‌ಕ್ಯಾಲ್ ಅಂತಿದೆ. ಖರ್ಚು ಒಂದೆರಡು ಶೀಟು. ಆದರೆ ಸ್ಕ್ಯಾನರ್ ನೋಡೋದು ಕೆಂಪು, ಹಸಿರು, ನೀಲಿ ಮೂರೇ ಕಣ್ಣಿನಿಂದ. ನಿಜವಾದ ಬಣ್ಣ ಅಳೆಯೋಕೆ ಅದನ್ನು ಮಾಡಿಲ್ಲ. ಗಾಜಿನ ಮೇಲೆ ಬೆರಳಿನ ಜಿಡ್ಡು, ಧೂಳು ಇದ್ದರೆ ಅದನ್ನೂ ಬಣ್ಣ ಅಂತಲೇ ಓದುತ್ತದೆ. ಕಾಪಿಗೆ ಬಂದವರು ಇಡೀ ದಿನ ಮುಟ್ಟುವ ಗಾಜು ಅದು, ಒರೆಸದೆ ಕ್ಯಾಲಿಬ್ರೇಷನ್ ಮಾಡಿದರೆ ಮಾಡದೇ ಇದ್ದಿದ್ದೇ ವಾಸಿ.

ಎರಡನೆಯದು ಕೈಯಲ್ಲಿ ಹಿಡಿಯುವ ಸ್ಪೆಕ್ಟ್ರೋಫೋಟೋಮೀಟರ್. ಎಕ್ಸ್-ರೈಟ್ ಐ1 ಪ್ರೋ 3, ಫೈರಿ ಜೊತೆ ಬರುವ ಇಎಸ್-3000, ಇಂಥವು. ಬೆಳಕನ್ನು ಅಲೆಯ ಉದ್ದದ ಪ್ರಕಾರ 380ರಿಂದ 730 ನ್ಯಾನೋಮೀಟರ್‌ವರೆಗೆ ಬಿಡಿಸಿ ಅಳೆಯುತ್ತವೆ. ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಕಾಯಿಗೆ ಬೆಲೆ ಬರೋದೇ ಬಣ್ಣದಿಂದ, ದೊಡ್ಡ ಖರೀದಿದಾರರು ಕಣ್ಣಳತೆ ಬಿಟ್ಟು ಆಸ್ಟಾ ಮೌಲ್ಯ ಎಷ್ಟು ಅಂತ ಕೇಳುತ್ತಾರೆ. ಪುಡಿಯ ಬಣ್ಣವನ್ನು ಅಸಿಟೋನ್‌ನಲ್ಲಿ ಇಳಿಸಿ, ಅದು 460 ನ್ಯಾನೋಮೀಟರ್ ಬೆಳಕನ್ನು ಎಷ್ಟು ಹೀರಿತು ಅಂತ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ನೋಡಿ ತೆಗೆಯುವ ಅಂಕಿ ಅದು. ಮೆಣಸಿನಕಾಯಿಗೇ ಇಷ್ಟು ಮಾಡುವಾಗ, ಅದೇ ಮೆಣಸಿನಪುಡಿ ಪ್ಯಾಕೆಟ್ಟಿನ ಲೇಬಲ್ಲಿನ ಕೆಂಪನ್ನು ನಾವು "ಸ್ವಲ್ಪ ಡಾರ್ಕ್ ಅನಸ್ತೈತಿ" ಅಂತ ಅಂದಾಜಿನಲ್ಲಿ ನೋಡೋದು ಯಾವ ನ್ಯಾಯ?

ಈ ಉಪಕರಣಕ್ಕೆ ಲಕ್ಷ ರೂಪಾಯಿಗಿಂತ ಜಾಸ್ತಿ ಬೀಳುತ್ತದೆ. ಬಳಸುವವರ ಕೈ ಕೂಡ ಪಳಗಿರಬೇಕು. ಜೊತೆಗೆ ಬರುವ ಬಿಳಿ ಬಿಲ್ಲೆಯ ಮೇಲೆ ಇಟ್ಟು ಮೊದಲು ಅದನ್ನೇ ಸರಿ ಮಾಡಿಕೊಳ್ಳಬೇಕು, ಆ ಬಿಲ್ಲೆಗೆ ಗೀರು ಬಿದ್ದರೆ ಅಥವಾ ಕೊಳೆಯಾದರೆ ಆಮೇಲಿನ ಎಲ್ಲ ಅಳತೆಯೂ ತಪ್ಪು. ಅಳೆಯುವಾಗ ಶೀಟಿನ ಕೆಳಗೆ ಅದೇ ಪೇಪರಿನ ಖಾಲಿ ಹಾಳೆಗಳನ್ನು ಇಡಿ. ಕಂದು ಬಣ್ಣದ ಟೇಬಲ್ ಮೇಲೆ 90 ಜಿಎಸ್‌ಎಂ (ಚದರ ಮೀಟರಿಗೆ 90 ಗ್ರಾಂ ತೂಗುವ) ಮ್ಯಾಪ್ಲಿಥೋ ಪೇಪರ್ ಒಂಟಿಯಾಗಿ ಇಟ್ಟು ಅಳೆದರೆ ಟೇಬಲ್ಲಿನ ಕಂದೂ ಅಳತೆಯಲ್ಲಿ ಸೇರುತ್ತದೆ.

ಮೂರನೆಯದು ಮಷೀನೊಳಗೇ ಇರುವ ಸೆನ್ಸರ್. ಕೋನಿಕಾ ಮಿನೋಲ್ಟಾದಲ್ಲಿ ಐಕ್ಯೂ-501, ಝೆರಾಕ್ಸ್‌ನ ದೊಡ್ಡ ವರ್ಸಾಂಟ್‌ಗಳಲ್ಲಿ ಫುಲ್ ವಿಡ್ತ್ ಅರೇ. ಪೇಪರ್ ಹೊರಗೆ ಬರುವ ದಾರಿಯಲ್ಲೇ ಬಣ್ಣ ಓದುತ್ತವೆ. ಐಕ್ಯೂ-501 ಅಂತೂ ಶೀಟಿನ ಅಂಚಿನಲ್ಲಿ ಸಣ್ಣ ಗುರುತು ಹಾಕಿಕೊಂಡು ಕೆಲಸ ಓಡುತ್ತಿರುವಾಗಲೇ ಸರಿ ಮಾಡುತ್ತ ಹೋಗುತ್ತದೆ, ಮುಂದೆ-ಹಿಂದೆಯ ರಿಜಿಸ್ಟ್ರೇಷನ್ (ಎರಡೂ ಬದಿಯ ಪ್ರಿಂಟ್ ಸರಿಯಾಗಿ ಒಂದರ ಹಿಂದೊಂದು ಕೂರೋದು) ಕೂಡ ನೋಡಿಕೊಳ್ಳುತ್ತದೆ. ಮನುಷ್ಯ ಮರೆತರೂ ಅದು ಮರೆಯುವುದಿಲ್ಲ, ಅದೇ ಅದರ ದೊಡ್ಡ ಗುಣ.

ನನ್ನ ಅಭಿಪ್ರಾಯ ಕೇಳಿದರೆ, ಒಂದೇ ಮಷೀನಿನಲ್ಲಿ ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡ್, ಪಾಂಪ್ಲೆಟ್ ಮಾಡುವ ಅಂಗಡಿಗೆ ಗಾಜಿನ ಕ್ಯಾಲಿಬ್ರೇಷನ್ ಸಾಕು, ಆದರೆ ಅದನ್ನು ದಿನಾ ಬೆಳಗ್ಗೆ ಮಾಡಬೇಕು. ಪದೇ ಪದೇ ಬರುವ ಲೇಬಲ್, ಬ್ರ್ಯಾಂಡ್ ಕೆಲಸ, ಎರಡು ಮಷೀನಿನಲ್ಲಿ ಹಂಚಿ ಹಾಕುವ ಕೆಲಸ ಇದ್ದರೆ ಕೈ ಉಪಕರಣ ಬೇಕೇ ಬೇಕು. ಒಳಗಿನ ಸೆನ್ಸರ್ ಇಡೀ ದಿನ ಮಷೀನು ನಿಲ್ಲದೆ ಓಡುವ ಕಡೆಗೆ, ಆಪರೇಟರ್‌ಗಳು ಪಾಳಿಯಲ್ಲಿ ಬದಲಾಗುವ ಕಡೆಗೆ. ದಿನಕ್ಕೆ ಎರಡು ತಾಸು ಓಡುವ ಮಷೀನಿಗೆ ಅದನ್ನು ಹಾಕಿಸೋದು ಸುಮ್ನೆ ಶೋಕಿ.

ಯಾವುದೇ ದಾರಿ ಹಿಡಿದರೂ ಬೆಳಗ್ಗೆ ಸ್ವಿಚ್ ಹಾಕಿದ ಕೂಡಲೇ ಕ್ಯಾಲಿಬ್ರೇಷನ್ ಮಾಡಬೇಡಿ. ಮಷೀನು ಬಿಸಿಯಾಗಲಿ, ಒಂದಿಷ್ಟು ಬೇಡದ ಶೀಟು ಓಡಲಿ, ಆಮೇಲೆ. ತಣ್ಣಗಿರುವ ಮಷೀನಿಗೆ ತಕ್ಕ ಹಾಗೆ ಸರಿ ಮಾಡಿದರೆ ಹನ್ನೊಂದು ಗಂಟೆಗೆ ಅದು ಬೇರೆಯೇ ಮಷೀನು.

ಹವಾ ಮತ್ತು ಪೇಪರ್

ಇದನ್ನು ಯಾವ ಸೇಲ್ಸ್‌ನವರೂ ಹೇಳುವುದಿಲ್ಲ, ಯಾಕಂದರೆ ಇದರಲ್ಲಿ ಅವರಿಗೆ ಮಾರೋಕೆ ಏನೂ ಇಲ್ಲ. ಟೋನರ್ ಮಷೀನು (ಇಂಕಿನ ಬದಲು ಬಣ್ಣದ ಪುಡಿ ಬಳಸುವ ಡಿಜಿಟಲ್ ಮಷೀನು) ನಡೆಯೋದು ಸ್ಥಾಯಿ ವಿದ್ಯುತ್ತಿನ ಮೇಲೆ. ಟೋನರ್ ಪುಡಿ ಡೆವಲಪರ್ ಅನ್ನೋ ಕಾಂತೀಯ ಕಣಗಳ ಜೊತೆ ತಿಕ್ಕಾಡಿ ಚಾರ್ಜ್ ಪಡೆಯುತ್ತದೆ, ಆ ಚಾರ್ಜ್ ಗಾಳಿಯ ತೇವದ ಮೇಲೆ ನಿಂತಿದೆ. ಏಪ್ರಿಲ್ ತಿಂಗಳ ಒಣ ಹವೆಯಲ್ಲಿ ಚಾರ್ಜ್ ಏರುತ್ತದೆ, ಪುಡಿ ಡೆವಲಪರ್‌ಗೇ ಅಂಟಿಕೊಂಡು ಚಿತ್ರ ಮೂಡುವ ಡ್ರಮ್ಮಿನ ಮೇಲೆ ಕಡಿಮೆ ಹೋಗುತ್ತದೆ, ಬಣ್ಣ ತೆಳು. ಜುಲೈನಲ್ಲಿ ಜಡಿಮಳೆ ಹಿಡಿದಾಗ ಉಲ್ಟಾ, ಚಾರ್ಜ್ ಇಳಿಯುತ್ತದೆ, ಪುಡಿ ಜಾಸ್ತಿ ಬೀಳುತ್ತದೆ, ಕೆಲವು ಸಲ ಬಿಳಿ ಜಾಗದಲ್ಲೂ ಮಬ್ಬು. ಮಷೀನೊಳಗಿನ ಸೆನ್ಸರ್‌ಗಳು ಇದನ್ನು ಸರಿದೂಗಿಸಲು ನೋಡುತ್ತವೆ, ಆದರೆ ಅದಕ್ಕೂ ಒಂದು ಮಿತಿ ಇದೆ.

ಧಾರವಾಡ ಮಲೆನಾಡಿನ ಅಂಚು, ಮಳೆಗಾಲದಲ್ಲಿ ಗೋಡೆಯೇ ಒದ್ದೆ. ಗದಗ ಅದಕ್ಕಿಂತ ಒಣ ಊರು. ಒಂದೇ ಮಾಡೆಲ್ ಮಷೀನು, ಒಂದೇ ಪೇಪರ್, ಎರಡೂ ಊರಲ್ಲಿ ಬೇರೆ ಬೇರೆ ಬಣ್ಣ ಕೊಟ್ಟರೆ ಆಶ್ಚರ್ಯ ಪಡಬೇಡಿ. ಕಂಪನಿಗಳು ಸಾಮಾನ್ಯವಾಗಿ 20ರಿಂದ 25 ಡಿಗ್ರಿ, 40ರಿಂದ 60% ತೇವ ಇರಲಿ ಅನ್ನುತ್ತವೆ. ಸ್ಪೆಕ್ಟ್ರೋ ಕೊಳ್ಳೋದೋ ಮಷೀನ್ ರೂಮಿಗೆ ಎಸಿ ಹಾಕಿಸೋದೋ ಅಂತ ಒಂದನ್ನೇ ಆರಿಸಬೇಕಾದರೆ ನಾನು ಎಸಿ ಅನ್ನುತ್ತೇನೆ. ಜೊತೆಗೆ ಗೋಡೆಗೆ ಒಂದು ತೇವದ ಮೀಟರ್, ಕೆಲವು ನೂರು ರೂಪಾಯಿಯದು. ಬಣ್ಣ ಕೆಟ್ಟಾಗ ಎಂಜಿನಿಯರ್‌ಗೆ ಫೋನ್ ಹಚ್ಚುವ ಮೊದಲು ಆ ಮೀಟರ್ ನೋಡುವ ರೂಢಿ ಮಾಡಿಕೊಳ್ಳಿ.

ಪೇಪರ್ ಕೂಡ ಹವೆಯ ತೇವ ಹೀರುತ್ತದೆ. ಗೋಡೌನ್‌ನಿಂದ ತಂದ ರೀಮನ್ನು ಅವತ್ತೇ ಬಿಚ್ಚಿ ಓಡಿಸಬೇಡಿ, ಹಿಂದಿನ ದಿನವೇ ಮಷೀನ್ ರೂಮಿಗೆ ತಂದಿಟ್ಟು, ಓಡಿಸುವ ಹೊತ್ತಿಗೆ ರ‍್ಯಾಪರ್ ಬಿಚ್ಚಿ. ಉಳಿದದ್ದನ್ನು ಮತ್ತೆ ಸುತ್ತಿಡಿ.

ಇನ್ನು ಯಾವ ಪೇಪರ್ ಅನ್ನೋ ಪ್ರಶ್ನೆ. ಮಾರ್ಕೆಟ್‌ನಲ್ಲಿ ಅವತ್ತು ಅಗ್ಗಕ್ಕೆ ಸಿಕ್ಕಿದ್ದು ತರೋದೋ, ಒಂದೇ ಬ್ರ್ಯಾಂಡಿಗೆ ಅಂಟಿಕೊಳ್ಳೋದೋ? ರೀಮಿಗೆ ಸ್ವಲ್ಪ ಉಳಿಯುತ್ತದೆ ಅಂತ ಬದಲಿಸುತ್ತ ಹೋದವರು ಆ ಉಳಿತಾಯವನ್ನು ರೀಪ್ರಿಂಟ್‌ನಲ್ಲಿ ಕಳೆಯುತ್ತಾರೆ. 300 ಜಿಎಸ್‌ಎಂ ಆರ್ಟ್ ಕಾರ್ಡ್ ಅಂತ ಎರಡು ಬಂಡಲ್ ಮೇಲೂ ಬರೆದಿರುತ್ತದೆ, ಪಕ್ಕಪಕ್ಕ ಇಟ್ಟು ನೋಡಿ, ಒಂದು ಹಾಲಿನ ಬಿಳಿ, ಇನ್ನೊಂದು ನೀಲಿ ಹೊಡೆಯುವ ಬಿಳಿ. ಆ ನೀಲಿ ಬರೋದು ಪೇಪರಿಗೆ ಹಾಕಿದ ಬ್ರೈಟನರ್‌ನಿಂದ, ಬೆಳಕಿನ ಅಲ್ಟ್ರಾವಯೊಲೆಟ್ ಅಂಶ ಹೀರಿ ನೀಲಿಯಾಗಿ ಹೊರಗೆ ಬಿಡುತ್ತದೆ. ಅದರ ಮೇಲೆ ಹಾಕಿದ ಗಂಧದ ಬಣ್ಣ ಇನ್ನೊಂದರ ಹಾಗೆ ಬರೋದು ಸಾಧ್ಯವೇ ಇಲ್ಲ. ಎರಡು ಮೂರು ಪೇಪರ್ ಆರಿಸಿಕೊಳ್ಳಿ, ಪ್ರತಿಯೊಂದಕ್ಕೂ ಬೇರೆ ಕ್ಯಾಲಿಬ್ರೇಷನ್ ಇಡಿ, ಗಿರಾಕಿಗೆ ಇವಿಷ್ಟರಲ್ಲೇ ಆರಿಸಿ ಅನ್ನಿ.

ನಿಲ್ಲುವ ಬಣ್ಣ, ಅಲುಗಾಡುವ ಬಣ್ಣ

ಇದು ಪೂರ್ತಿ ಪುಕ್ಕಟೆ ಆಯ್ಕೆ, ಡಿಸೈನರ್ ಕೈಯಲ್ಲಿ ಇರೋದು. ಮಷೀನು ಸ್ವಲ್ಪ ಅತ್ತಿತ್ತ ಆದಾಗ ಎಲ್ಲ ಬಣ್ಣವೂ ಒಂದೇ ಥರ ಕೆಡುವುದಿಲ್ಲ. ಮೆಜೆಂಟಾ 100, ಯೆಲ್ಲೋ 100 ಹಾಕಿದ ಕುಂಕುಮದ ಕೆಂಪು ಗಟ್ಟಿ. ಎರಡೂ ತುಂಬಿ ಹೋಗಿರುವುದರಿಂದ ಸ್ವಲ್ಪ ಹೆಚ್ಚುಕಮ್ಮಿ ಕಣ್ಣಿಗೆ ಬೀಳುವುದಿಲ್ಲ. ಅದೇ ಕೇಸರಿ ನೋಡಿ. ಯೆಲ್ಲೋ 100, ಮೆಜೆಂಟಾ 50. ತೆಳು ಬಣ್ಣ ಪೇಪರ್ ಮೇಲೆ ಸಣ್ಣ ಚುಕ್ಕೆಗಳಾಗಿ ಬೀಳುತ್ತದೆ, ಅರ್ಧದ ಆಸುಪಾಸಿನ ಚುಕ್ಕೆಗಳೇ ಮಷೀನಿನ ಏರಿಳಿತಕ್ಕೆ ಜಾಸ್ತಿ ಸಿಗೋದು. ಮೆಜೆಂಟಾ 45 ಆಯಿತೋ ಕೇಸರಿ ಅರಿಶಿಣದ ಕಡೆ ವಾಲುತ್ತದೆ, 56 ಆಯಿತೋ ಕೆಂಪಿನ ಕಡೆ. ಆಗಸ್ಟ್ 15ರ ಆಮಂತ್ರಣ ಪತ್ರಿಕೆಯ ಮೇಲಿನ ಪಟ್ಟಿ ಒಂದೇ ಬಂಡಲ್‌ನಲ್ಲಿ ಎರಡು ಥರ ಕಾಣೋದು ಇದೇ ಕಾರಣಕ್ಕೆ.

ಎಲ್ಲಕ್ಕಿಂತ ಕಷ್ಟದ್ದು ತಿಳಿ ಗಂಧದ ಬಣ್ಣ, ಲಗ್ನಪತ್ರಿಕೆಯವರ ಮೆಚ್ಚಿನದು. ಸಯಾನ್ 5, ಮೆಜೆಂಟಾ 15, ಯೆಲ್ಲೋ 30, ಹೆಚ್ಚುಕಡಿಮೆ ಇಷ್ಟು. ಮೂರೂ ತೆಳು, ಯಾವುದೊಂದು ಎರಡು ಪಾಯಿಂಟ್ ಸರಿದರೂ ಇಡೀ ಹಿನ್ನೆಲೆ ಗುಲಾಬಿಯೋ ಹಸಿರೋ ಹೊಡೆಯುತ್ತದೆ. ಸಯಾನ್ ತೆಗೆದು ಅದರ ಜಾಗಕ್ಕೆ ಕಪ್ಪು 3 ಅಥವಾ 4 ಹಾಕಿ ನೋಡಿ, ಹಸಿರು ಹೊಡೆಯೋದು ಬಹಳ ಕಡಿಮೆಯಾಗುತ್ತದೆ. ಬೂದು ಬಣ್ಣಕ್ಕೂ ಇದೇ ಮಾತು. ಸಯಾನ್, ಮೆಜೆಂಟಾ, ಯೆಲ್ಲೋ ಕಲಸಿ ಮಾಡಿದ ಬೂದು ಹವೆ ಬದಲಾದರೆ ಬದಲಾಗುತ್ತದೆ, ಬರೀ ಕಪ್ಪಿನಿಂದ ಮಾಡಿದ ಬೂದು ಗಾಢ-ತೆಳು ಆಗಬಹುದು, ಬಣ್ಣ ತಿರುಗುವುದಿಲ್ಲ. ಫೋಟೋದಲ್ಲಿ ಮಾತ್ರ ಕಪ್ಪನ್ನು ಹೀಗೆ ಧಾರಾಳವಾಗಿ ಸೇರಿಸಬೇಡಿ, ಮುಖದ ಮೇಲೆ ಮರಳು ಉದುರಿದಂತೆ ಕಾಣುತ್ತದೆ.

ನೀಲಿಯ ಬಗ್ಗೆ ಒಂದು ಮಾತು. ಸಯಾನ್ 100 ಮೆಜೆಂಟಾ 100 ಹಾಕಿ "ರಾಯಲ್ ಬ್ಲೂ" ಅಂತ ಕೊಟ್ಟರೆ ಪ್ರಿಂಟ್‌ನಲ್ಲಿ ನೇರಳೆ ಬರುತ್ತದೆ. ಮೆಜೆಂಟಾ 70ಕ್ಕೆ ಇಳಿಸಿದರೆ ಜಗಳ ಇರುವುದಿಲ್ಲ.

ಸಿದ್ಧ ಪ್ರೊಫೈಲ್ ಸಾಕಾ, ಸ್ವಂತದ್ದು ಬೇಕಾ?

ಮೇಲಿನದೆಲ್ಲ ಕೈಗೆ ಬಂದ ಮೇಲೆ ಈ ಪ್ರಶ್ನೆಗೆ ಅರ್ಥ ಬರುತ್ತದೆ. ಮಷೀನಿನ ಜೊತೆ ಬರುವ ಪ್ರೊಫೈಲುಗಳನ್ನು ಕಂಪನಿಯವರು ತಮ್ಮ ಲ್ಯಾಬಿನಲ್ಲಿ, ತಮ್ಮ ಪೇಪರ್ ಮೇಲೆ ಮಾಡಿರುತ್ತಾರೆ. ನಿಮ್ಮ ಪೇಪರ್ ಅದಕ್ಕೆ ಹತ್ತಿರ ಇದ್ದರೆ ಮುಕ್ಕಾಲು ಪಾಲು ಕೆಲಸಕ್ಕೆ ಅದು ಸಾಕಾಗುತ್ತದೆ. ಸಾಲದು ಅನ್ನೋದು ಗೊತ್ತಾಗೋದು ಚರ್ಮದ ಬಣ್ಣದಲ್ಲಿ ಮತ್ತು ಬೂದಿನಲ್ಲಿ, ಯಾಕಂದರೆ ಕಣ್ಣು ಅಲ್ಲಿ ಬಹಳ ಸೂಕ್ಷ್ಮ.

ಸ್ವಂತ ಪ್ರೊಫೈಲ್ ಮಾಡಿಸಬೇಕಾದರೆ ದೊಡ್ಡ ಚಾರ್ಟ್ ಪ್ರಿಂಟ್ ಹಾಕಿ ಅಳೆಯಬೇಕು. ಐಟಿ8.7/4 ಚಾರ್ಟಿನಲ್ಲಿ 1617 ಚೌಕ ಇವೆ, ಕೈಯಲ್ಲಿ ಸಾಲು ಸಾಲಾಗಿ ಎಳೆಯಬೇಕು, ತಾಳ್ಮೆ ಬೇಕು. ಒಂದೇ ಪ್ರಿಂಟ್ ಅಳೆದು ಮುಗಿಸುವವರ ಹತ್ತಿರ ಮಾಡಿಸಬೇಡಿ, ಎರಡು ಮೂರು ಶೀಟಿನ ಸರಾಸರಿ ತೆಗೆಯಬೇಕು. ಬ್ರೈಟನರ್ ಇರುವ ಪೇಪರ್ ಆದರೆ ಎಂ1 ಅನ್ನುವ ಅಳತೆ ವಿಧಾನದಲ್ಲಿ ಅಳೆಯಲು ಹೇಳಿ, ಅದರಲ್ಲಿ ಅಲ್ಟ್ರಾವಯೊಲೆಟ್ ಕೂಡ ಲೆಕ್ಕಕ್ಕೆ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯ, ಚಾರ್ಟ್ ಹಾಕುವ ಮೊದಲು ಕ್ಯಾಲಿಬ್ರೇಷನ್ ಮಾಡಿದರೋ ಇಲ್ಲವೋ ನಿಂತು ನೋಡಿ. ಒಬ್ಬರು ನಮ್ಮ ಕಡೆಯ ಒಂದು ಪ್ರೆಸ್ಸಿಗೆ ಬಂದು ಕ್ಯಾಲಿಬ್ರೇಷನ್ ಇಲ್ಲದೆಯೇ ನೇರವಾಗಿ ಪ್ರೊಫೈಲ್ ತೆಗೆದು, ದುಡ್ಡು ಎಣಿಸಿಕೊಂಡು ಹೋದರು. ಡ್ರಮ್ ಬದಲಿಸಿದ ಮೇಲೆ ಆ ಪ್ರೊಫೈಲ್ ಯಾವ ಕೆಲಸಕ್ಕೂ ಬರಲಿಲ್ಲ.

ಪೇಪರಿಗೆ ಒಂದು ಪ್ರೊಫೈಲ್ ಆದ ಮೇಲೆ ಪದೇ ಪದೇ ಮಾಡಿಸೋ ಅಗತ್ಯ ಇಲ್ಲ. ಕ್ಯಾಲಿಬ್ರೇಷನ್ ಸರಿ ಇರುವವರೆಗೆ ಅದು ನಡೆಯುತ್ತದೆ.

ಈಗ ಇದಕ್ಕಿಂತ ಮುಖ್ಯವಾದ ಆಯ್ಕೆ. ಮಷೀನಿಗೆ ಯಾವ ಗುರಿ ಕೊಡಬೇಕು? ಜರ್ಮನಿಯ ಫೋಗ್ರಾ ಅನ್ನೋ ಮುದ್ರಣ ಸಂಸ್ಥೆಯ ಫೋಗ್ರಾ 39 ಅಂದರೆ ಕೋಟೆಡ್ (ನುಣುಪು ಲೇಪದ) ಪೇಪರಿನ ಮೇಲೆ ಆಫ್‌ಸೆಟ್ ಹೇಗೆ ಬರಬೇಕು ಅನ್ನೋದರ ಅಳತೆ. ಅದರ ನಂತರ 2015ರಲ್ಲಿ ಬ್ರೈಟನರ್ ಇರುವ ಪೇಪರಿಗೆ ಹೊಂದುವ ಫೋಗ್ರಾ 51 ಬಂತು. ಟೋನರ್ ಮಷೀನು ಕೆಲವು ಬಣ್ಣಗಳಲ್ಲಿ ಆಫ್‌ಸೆಟ್‌ಗಿಂತ ಹೆಚ್ಚು ಹೊಳಪು ಕೊಡಬಲ್ಲದು. ಗಿರಾಕಿಗೆ ಹೊಳಪು ಇಷ್ಟ, ನಮಗೂ ಇಷ್ಟ. ಹಾಗಂತ ಗುರಿ ಇಲ್ಲದೆ ಮಷೀನಿನ ಪೂರ್ತಿ ಹೊಳಪಿನಲ್ಲೇ ಪ್ರಿಂಟ್ ಹಾಕಬೇಕಾ?

ಕೆಲಸ ಡಿಜಿಟಲ್‌ನಲ್ಲೇ ಮುಗಿಯುವುದಾದರೆ ಧಾರಾಳವಾಗಿ ಹಾಕಿ. ಆದರೆ ಮುದ್ರಣಕ್ಕೆ ಹೆಸರಾದ ಗದಗದಲ್ಲಿ ಸಾಮಾನ್ಯವಾಗಿ ನಡೆಯೋದು ಏನು? ಮೊದಲು ಐವತ್ತೋ ನೂರೋ ಡಿಜಿಟಲ್, ಗಿರಾಕಿ ಒಪ್ಪಿದ ಮೇಲೆ ಸಾವಿರಗಟ್ಟಲೆ ಆಫ್‌ಸೆಟ್. ಡಿಜಿಟಲ್‌ನಲ್ಲಿ ಮಿಂಚುವ ಕೇಸರಿ ತೋರಿಸಿ ಸಹಿ ಹಾಕಿಸಿಕೊಂಡರೆ, ಆಫ್‌ಸೆಟ್‌ನವನು ಎಷ್ಟು ಇಂಕ್ ಸುರಿದರೂ ಅಲ್ಲಿಗೆ ಮುಟ್ಟಲಾರ. ಕೊನೆಗೆ ಬೈಸಿಕೊಳ್ಳುವವನು ಅವನು, ತಪ್ಪು ನಮ್ಮದು. ಇಂಥ ಕೆಲಸಕ್ಕೆ ಡಿಜಿಟಲ್ ಮಷೀನನ್ನು ಫೋಗ್ರಾ 39ಕ್ಕೆ ಇಳಿಸಿ ಪ್ರೂಫ್ ತೆಗೆಯಬೇಕು, ಸ್ವಲ್ಪ ಸಪ್ಪೆ ಕಂಡರೂ ಚಿಂತೆ ಇಲ್ಲ. ಫೋಗ್ರಾ ಮೀಡಿಯಾ ವೆಜ್ ಅಂತ 72 ಚೌಕದ ಒಂದು ಪಟ್ಟಿ ಇದೆ, ಪ್ರೂಫಿನ ಬದಿಗೆ ಅದನ್ನು ಹಾಕಿ ಅಳೆದರೆ ಗುರಿಯಿಂದ ಎಷ್ಟು ದೂರ ಇದ್ದೀರಿ ಅಂತ ಡೆಲ್ಟಾ ಇ ಲೆಕ್ಕದಲ್ಲಿ ಬರುತ್ತದೆ. ಡೆಲ್ಟಾ ಇ 2000 ಸೂತ್ರದಲ್ಲಿ ಸುಮಾರು 1 ಬಂದರೆ ಪಳಗಿದ ಕಣ್ಣಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ, 2-3 ಪಕ್ಕಪಕ್ಕ ಇಟ್ಟಾಗ ಕಾಣುತ್ತದೆ, 5 ದಾಟಿದರೆ ಗಿರಾಕಿಯೇ ಹೇಳುತ್ತಾನೆ.

ರೆಂಡರಿಂಗ್ ಇಂಟೆಂಟ್ (ಮಷೀನಿಗೆ ಸಿಗದ ಬಣ್ಣವನ್ನು ಹೇಗೆ ಹೊಂದಿಸಬೇಕು ಅನ್ನೋ ಆಯ್ಕೆ) ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಫೈರಿಯಲ್ಲಿ ಫೋಟೋಗ್ರಾಫಿಕ್ ಅಂತ ಇರೋದು ಮದುವೆ ಆಲ್ಬಮ್ಮಿಗೆ, ರೆಲೆಟಿವ್ ಕಲರಿಮೆಟ್ರಿಕ್ ಲೋಗೋಗಳಿಗೆ, ಅಬ್ಸಲ್ಯೂಟ್ ಪ್ರೂಫಿಗೆ ಮಾತ್ರ, ಯಾಕಂದರೆ ಅದು ಗುರಿಯ ಪೇಪರಿನ ಬಿಳಿಯನ್ನೂ ಪ್ರಿಂಟ್ ಹಾಕುತ್ತದೆ. ಗೊತ್ತಿಲ್ಲದೆ ಅಬ್ಸಲ್ಯೂಟ್ ಹಾಕಿ "ಖಾಲಿ ಜಾಗಕ್ಕೆ ಯಾಕೆ ಬಣ್ಣ ಬಂತು" ಅಂತ ಕೇಳುವವರು ಇದ್ದಾರೆ.

ಫೈಲ್ ಆರ್‌ಜಿಬಿಯೋ ಸಿಎಂವೈಕೆಯೋ

ಆರ್‌ಜಿಬಿ ಅಂದರೆ ಸ್ಕ್ರೀನಿನ ಕೆಂಪು-ಹಸಿರು-ನೀಲಿ, ಸಿಎಂವೈಕೆ ಅಂದರೆ ಪ್ರಿಂಟಿನ ಸಯಾನ್-ಮೆಜೆಂಟಾ-ಯೆಲ್ಲೋ-ಕಪ್ಪು. ಫೋಟೋಗಳನ್ನು ಆರ್‌ಜಿಬಿಯಲ್ಲೇ ಬಿಟ್ಟು ಮಷೀನಿನ ಕಂಟ್ರೋಲರ್ ಬದಲಿಸಲಿ ಅನ್ನೋದು ನನ್ನ ಆಯ್ಕೆ. ಡಿಸೈನರ್ ಫೋಟೋಶಾಪಿನಲ್ಲಿ ಸಿಎಂವೈಕೆಗೆ ತಿರುಗಿಸಿದರೆ ಬಹಳ ಸಲ ಅದು ಸಾಫ್ಟ್‌ವೇರ್ ಜೊತೆ ಬಂದ ಅಮೆರಿಕದ ಮುದ್ರಣಕ್ಕೆ ಮಾಡಿದ ಸ್ವಾಪ್ ಪ್ರೊಫೈಲಿನಲ್ಲಿ ಹೋಗಿರುತ್ತದೆ, ಅವನಿಗೇ ಗೊತ್ತಿರುವುದಿಲ್ಲ. ಲೋಗೋ, ಹಿನ್ನೆಲೆ, ಅಕ್ಷರ ಮಾತ್ರ ಸಿಎಂವೈಕೆಯಲ್ಲಿ, ಅಂಕಿ ಹಾಕಿಯೇ ಕೊಡಬೇಕು. ನಮ್ಮ ಕಡೆ ಎಲ್ಲರೂ ಕೋರೆಲ್‌ಡ್ರಾದವರು. ಅದರಲ್ಲಿ ಡಾಕ್ಯುಮೆಂಟ್ ಕಲರ್ ಸೆಟ್ಟಿಂಗ್ಸ್ ಅಂತ ಒಂದಿದೆ, ಒಮ್ಮೆ ತೆರೆದು ನೋಡಿ, ಯಾವ ಪ್ರೊಫೈಲ್ ಕೂತಿದೆ ಅಂತ. ವಾಟ್ಸಪ್‌ನಲ್ಲಿ ಫೋಟೋ ಆಗಿ ಬಂದ ಡಿಸೈನ್ ತೆಗೆದುಕೊಳ್ಳಲೇಬೇಡಿ, ಕೆಂಪು ಅಕ್ಷರದ ಸುತ್ತ ಕೊಳೆ ಕಟ್ಟಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಕನ್ನಡದ ಕೆಲಸದಲ್ಲಿ ಕಪ್ಪು ಅಕ್ಷರದ ಕಡೆ ವಿಶೇಷ ಗಮನ ಬೇಕು. ಅಕ್ಷರ ಆರ್‌ಜಿಬಿ ಕಪ್ಪಿನಲ್ಲಿದ್ದರೆ ಪ್ರಿಂಟಿನಲ್ಲಿ ನಾಲ್ಕೂ ಟೋನರ್ ಒಂದರ ಮೇಲೊಂದು ಕೂರಬಹುದು. ರಿಜಿಸ್ಟ್ರೇಷನ್ ಕೂದಲಷ್ಟು ಸರಿದರೂ ಇಂಗ್ಲಿಷ್ ಅಕ್ಷರ ಹೇಗೋ ಪಾರಾಗುತ್ತದೆ, ನಮ್ಮ ಒತ್ತಕ್ಷರದ ಸಣ್ಣ ಕಿಂಡಿಗಳು ಮುಚ್ಚಿಹೋಗುತ್ತವೆ. ಎಂಟು ಪಾಯಿಂಟಿನಲ್ಲಿ "ಜ್ಯೇಷ್ಠ" ಓದೋಕೆ ಭೂತಗನ್ನಡಿ ಬೇಕಾಗುತ್ತದೆ, ಬದಿಯಲ್ಲಿ ಗುಲಾಬಿ ಗೆರೆ ಬೇರೆ. ಫೈರಿಯಲ್ಲಿ ಪ್ಯೂರ್ ಬ್ಲ್ಯಾಕ್ ಆನ್ ಮಾಡಿದರೆ ಅಕ್ಷರ ಒಂದೇ ಕಪ್ಪಿನಲ್ಲಿ ಬರುತ್ತದೆ. ಆದರೆ ಆರ್‌ಜಿಬಿ ಅಂಕಿಯಲ್ಲಿ ಅದು ಹಿಡಿಯೋದು 0-0-0 ಕಪ್ಪನ್ನು. ಸಿಎಂವೈಕೆಯಿಂದ ಆರ್‌ಜಿಬಿಗೆ ತಿರುಗಿ ಬಂದ ಫೈಲ್‌ನಲ್ಲಿ ಕಪ್ಪು 35-31-32 ಆಗಿರುತ್ತದೆ, ಕಣ್ಣಿಗೆ ಕಪ್ಪೇ, ಫೈರಿಗೆ ಅಲ್ಲ. ಅಕ್ಷರವನ್ನು ಕೋರೆಲ್‌ನಲ್ಲೇ ಕಪ್ಪು 100, ಉಳಿದವು ಸೊನ್ನೆ ಮಾಡಿ ಕಳಿಸೋದೇ ಭದ್ರ.

ಬೆಳಕು, ಸ್ಕ್ರೀನ್

ಪ್ರಿಂಟ್ ನೋಡುವ ಬೆಳಕಿಗೆ ಡಿ50 ಅನ್ನೋ ಒಂದು ಮಾನದಂಡ ಇದೆ, 5000 ಕೆಲ್ವಿನ್. ಅದಕ್ಕೆ ತಕ್ಕ ಪೆಟ್ಟಿಗೆ ದುಬಾರಿ. ಬಣ್ಣ ಚೆನ್ನಾಗಿ ತೋರಿಸುವ 5000 ಕೆಲ್ವಿನ್ ಎಲ್‌ಇಡಿ ಟ್ಯೂಬ್ ಒಂದನ್ನು ಕೌಂಟರ್ ಮೇಲೆ ಹಾಕಿದರೂ ಅರ್ಧ ಜಗಳ ಕಡಿಮೆ. ಮಾಮೂಲಿ ನೀಲಿ ಹೊಡೆಯುವ ಎಲ್‌ಇಡಿ ಕೆಳಗೆ ಹೊಂದಿದ ಎರಡು ಪ್ರಿಂಟ್ ಬಿಸಿಲಲ್ಲಿ ಬೇರೆಯಾಗೋದು ಇದ್ದದ್ದೇ, ಅದರಲ್ಲೂ ಒಂದು ಟೋನರ್, ಒಂದು ಆಫ್‌ಸೆಟ್ ಇಂಕ್ ಆದರೆ. ಸ್ಕ್ರೀನಿನ ಬ್ರೈಟ್‌ನೆಸ್ ಪೂರ್ತಿ ಏರಿಸಿಟ್ಟು "ಪ್ರಿಂಟ್ ಡಾರ್ಕ್ ಬರುತ್ತದೆ" ಅನ್ನೋದು ಬೇಡ. ಲ್ಯಾಮಿನೇಷನ್ ಇದ್ದರೆ ಲ್ಯಾಮಿನೇಷನ್ ಮಾಡಿದ ಪ್ರಿಂಟನ್ನೇ ಗಿರಾಕಿಗೆ ತೋರಿಸಿ. ಗ್ಲಾಸಿ (ಹೊಳೆಯುವುದು) ಹಾಕಿದರೆ ಬಣ್ಣ ಗಾಢ, ಮ್ಯಾಟ್ ಹಾಕಿದರೆ ಮಂಕು.

ಹೊಸ ಮಷೀನೋ ಸೆಕೆಂಡ್ ಹ್ಯಾಂಡೋ

ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ಮಷೀನ್ ತಂದು ಚೆನ್ನಾಗಿ ನಡೆಸುವವರು ಬಹಳ ಜನ ಇದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ. ಬಣ್ಣದ ಲೆಕ್ಕದಲ್ಲಿ ನೋಡಬೇಕಾದದ್ದು ಮಷೀನಿನ ವಯಸ್ಸಿಗಿಂತ ಡ್ರಮ್, ಡೆವಲಪರ್, ಬಣ್ಣವನ್ನು ಪೇಪರಿಗೆ ದಾಟಿಸುವ ಟ್ರಾನ್ಸ್‌ಫರ್ ಬೆಲ್ಟ್ ಎಷ್ಟು ಓಡಿವೆ ಅನ್ನೋದು. ಇವು ಸವೆದಿದ್ದರೆ ಶೀಟಿನ ಎಡಕ್ಕೂ ಬಲಕ್ಕೂ ಬಣ್ಣ ಬೇರೆಯಾಗುತ್ತದೆ. ಅದನ್ನು ಯಾವ ಪ್ರೊಫೈಲೂ ಸರಿ ಮಾಡುವುದಿಲ್ಲ, ಪ್ರೊಫೈಲಿಗೆ ಎಡ-ಬಲ ಗೊತ್ತೇ ಇಲ್ಲ. 13×19 ಇಂಚಿನ ಶೀಟಿನಲ್ಲಿ ಒಂದೇ ವಿಸಿಟಿಂಗ್ ಕಾರ್ಡ್ ತುಂಬಿಸಿ ಹಾಕಿ ಕತ್ತರಿಸಿದಾಗ ಕಟ್ಟಿನಲ್ಲಿ ಬಣ್ಣದ ಪಟ್ಟೆ ಕಾಣುತ್ತದಲ್ಲ, ಅದು ಇದೇ.

ಡೆಮೋ ನೋಡಲು ಹೋಗುವಾಗ ಅವರು ತೋರಿಸುವ ಹೂವು, ಹಣ್ಣಿನ ಪ್ರಿಂಟ್ ನೋಡಿ ಬರಬೇಡಿ. ನಿಮ್ಮದೇ ಫೈಲ್, ನಿಮ್ಮದೇ ಪೇಪರ್ ಒಯ್ಯಿರಿ. ಫೈಲ್‌ನಲ್ಲಿ ಒಂದು ಶೀಟು ಪೂರ್ತಿ ತಿಳಿ ಗಂಧದ ಬಣ್ಣ ಇರಲಿ, ಇನ್ನೊಂದು ಪೂರ್ತಿ ಬರೀ ಕಪ್ಪಿನ 40% ಬೂದು, ಮತ್ತೊಂದರಲ್ಲಿ ಕೇಸರಿ, ಕುಂಕುಮ, ಒಂದು ಮುಖ, ಎಂಟು ಪಾಯಿಂಟಿನ ಕನ್ನಡ. ಮೊದಲ ಪ್ರಿಂಟ್ ತೆಗೆದು ಬದಿಗಿಡಿ. ಗಾಢ ಬಣ್ಣ ತುಂಬಿದ ಫೈಲೊಂದನ್ನು ಇನ್ನೂರು ಶೀಟು ಬಿಡದೆ ಓಡಿಸಲು ಹೇಳಿ, ಬೇಕಾದರೆ ಕ್ಲಿಕ್ ಚಾರ್ಜ್ (ಒಂದು ಪ್ರಿಂಟಿಗೆ ಇಷ್ಟು ಅನ್ನೋ ದುಡ್ಡು) ನೀವೇ ಕೊಡಿ. ಆಮೇಲೆ ಮತ್ತೆ ಅದೇ ಮೂರು ಶೀಟು. ಗಂಧದ ಶೀಟುಗಳೆರಡನ್ನೂ ಬಾಗಿಲ ಹೊರಗೆ ನೆರಳಿಗೆ ಒಯ್ದು ಒಂದರ ಎಡ ಅಂಚನ್ನು ಇನ್ನೊಂದರ ಬಲ ಅಂಚಿಗೆ ತಾಗಿಸಿ ನೋಡಿ. ಅಲ್ಲಿ ಗೆರೆ ಎದ್ದು ಕಂಡರೆ ರೇಟಿನ ಮಾತು ಎತ್ತುವ ಮೊದಲೇ ಡ್ರಮ್ ಮತ್ತು ಬೆಲ್ಟ್ ಹೊಸದು ಹಾಕಿ ಕೊಡುತ್ತೀರಾ ಅಂತ ಕೇಳಿ, ಒಪ್ಪಿದರೆ ಬರವಣಿಗೆಯಲ್ಲಿ ತೆಗೆದುಕೊಳ್ಳಿ.